ಪಕ್ಕದ ಮನೆಗೆ ಕೇಳಿಸದ ಗುಡುಗು

ಬಾಡಿಗೆ ಮನೆಯ ಮಹಡಿಯಲ್ಲಿದ್ದ ಕಾಲಕ್ಕೆ ಐದು ವಾಟಿನ ಪುಟ್ಟ ವಾಲ್ವ್ ಆಂಪ್ ಒಂದನ್ನು ತಂದಿದ್ದೆ. ಐದು ವಾಟ್ ಅಂದರೆ ಎಷ್ಟು? ದೇವರ ಮನೆಯ ಜೀರೊ ಬಲ್ಬೇ ಅದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತದೆ, ಇದರಿಂದ ಯಾರಿಗೇನು ತೊಂದರೆ ಎಂಬುದು ನನ್ನ ಲೆಕ್ಕ. ವಾಲ್ಯೂಮ್ ಗುಂಡಿಯನ್ನು ಆರಕ್ಕೆ ತಿರುಗಿಸಿ ಒಂದು ಪವರ್ ಕಾರ್ಡ್ ಬಾರಿಸಿದೆ. ಎರಡನೆಯದಕ್ಕೆ ಕೈ ಹೋಗುವಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬುಡಕ್ಕೆ ಬಂದು, "ಏನಪ್ಪಾ, ಮಿಕ್ಸಿಯೊಳಗೆ ಚಮಚ ಬಿತ್ತೇನೋ?" ಎಂದು ಕೂಗಿದರು.

ಮನೆಯಲ್ಲಿ ಕ್ಲಾಸಿಕ್ ರಾಕ್ ನುಡಿಸಲು ಯಾವ ಆಂಪ್ ತರಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಅಜ್ಜಿಯ ಕಥೆಯನ್ನೇ. ಲೆಡ್ ಜೆಪ್ಲಿನ್, ಡೀಪ್ ಪರ್ಪಲ್, ಎಸಿ/ಡಿಸಿ ಗಿಟಾರುಗಳ ಆ ದಪ್ಪ, ಒರಟು, ಹಾಡುವಂಥ ದನಿ ಹುಟ್ಟಿದ್ದೇ ಜೋರಿನಿಂದ. ದನಿ ಬೇರೆ, ಜೋರು ಬೇರೆ ಎಂದು ಆಗ ಯಾರೂ ಯೋಚಿಸಿರಲಿಲ್ಲ. ಆ ಎರಡನ್ನೂ ಬಿಡಿಸಿ ಬೇರೆ ಮಾಡಲು ಐವತ್ತು ವರ್ಷ ನಡೆದ ಪ್ರಯತ್ನಗಳೇ ಮನೆ ಆಂಪಿನ ಚರಿತ್ರೆ.

ಶುರುವಿನಲ್ಲಿ ಸಣ್ಣ ಆಂಪ್ ಎಂದರೆ ಕಲಿಯುವವರ ಆಂಪ್. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್ 1948ರಲ್ಲಿ ಚಾಂಪಿಯನ್ 800 ಎಂಬ ಪುಟ್ಟ ಪೆಟ್ಟಿಗೆ ಮಾಡಿದರು. ಅದೇ ಸಂತತಿ ಐವತ್ತರ ದಶಕದಲ್ಲಿ ಚಾಂಪ್ ಆಯಿತು. ಒಳಗೆ ಒಂದು 12ಎಎಕ್ಸ್7 ವಾಲ್ವ್, ಒಂದು 6ವಿ6, ಎಂಟು ಇಂಚಿನ ಸ್ಪೀಕರ್, ಸುಮಾರು ಐದು ವಾಟ್. ಮೇಲೆ ಇದ್ದದ್ದು ವಾಲ್ಯೂಮಿನ ಒಂದೇ ಗುಂಡಿ. ಸೌಂಡ್ ಒಡೆದರೆ ಅದು ಆಂಪಿನ ದೋಷ ಎಂದೇ ಲೆಕ್ಕ. ಆ ದೋಷವನ್ನು ಬೇಕೆಂದೇ ಹುಡುಕಿಕೊಂಡವರು ಹುಡುಗರು. ಲಿಂಕ್ ರೇ ಸ್ಪೀಕರಿಗೆ ತೂತು ಹೊಡೆದ. ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಎಲ್ಪಿಕೊ ಎಂಬ ಅಗ್ಗದ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ. 1964ರ 'ಯೂ ರಿಯಲಿ ಗಾಟ್ ಮಿ' ಹಾಡಿನಲ್ಲಿ ಕೇಳುವುದು ಆ ಹರಕು ಸ್ಪೀಕರಿನ ದನಿಯೇ.

ಇನ್ನೊಂದು ಕಡೆ, ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ಸ್ ಪಾಠ ಹೇಳುತ್ತ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಅವರ ಹುಡುಗರು 1962ರಲ್ಲಿ ಫೆಂಡರ್ ಬಾಸ್‌ಮನ್ ಆಂಪನ್ನು ಎದುರಿಗಿಟ್ಟುಕೊಂಡು ಜೆಟಿಎಂ45 ಕಟ್ಟಿದರು. ನಾಲ್ಕು ವರ್ಷಕ್ಕೆ, ಜಾನ್ ಮೇಯಲ್ ತಂಡದ ಜೊತೆ ಡೆಕ್ಕಾ ಸ್ಟುಡಿಯೊಗೆ ಹೋದ ಎರಿಕ್ ಕ್ಲ್ಯಾಪ್ಟನ್ ತನ್ನ ಮಾರ್ಷಲ್ ಕಾಂಬೊವನ್ನು ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುವೆನೆಂದು ಹಟ ಹಿಡಿದ. ರಾಕ್ ಗಿಟಾರಿನ ದನಿ ಹೀಗಿರಬೇಕು ಎಂಬ ಅಚ್ಚು ಬಿದ್ದದ್ದು ಆ ರೆಕಾರ್ಡಿನಲ್ಲಿ. ಅಷ್ಟರಲ್ಲಿ ದಿ ಹೂ ತಂಡದ ಪೀಟ್ ಟೌನ್ಸೆಂಡ್‌ಗೆ ಇದ್ದ ಜೋರು ಸಾಲದೆ ನೂರು ವಾಟಿನ ಆಂಪ್‌ಗಳು ಬಂದಿದ್ದವು.

ಜೋರಿಗೂ ದನಿಗೂ ಏನು ನಂಟು? ಒಲೆಯ ಮೇಲಿನ ಹಾಲನ್ನು ನೆನೆಸಿಕೊಳ್ಳಿ. ಕೆನೆ ಉಬ್ಬಿ, ಪಾತ್ರೆಯ ಅಂಚಿಗೆ ಬಂದು, ಇನ್ನೇನು ಉಕ್ಕಬೇಕು ಎನ್ನುವ ಗಳಿಗೆ ಇದೆಯಲ್ಲ, ಕ್ಲಾಸಿಕ್ ರಾಕ್‌ನ ದನಿ ಇರುವುದು ಅಲ್ಲಿ. ಪವರ್ ವಾಲ್ವ್ ತನ್ನ ಶಕ್ತಿ ಮೀರಿ ದುಡಿಯುವಾಗ ಅಲೆಯ ತುದಿಗಳು ಥಟ್ಟನೆ ಕತ್ತರಿಸಿಹೋಗುವುದಿಲ್ಲ, ಉರುಟಾಗಿ ಸವೆಯುತ್ತವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಏದುಸಿರು ಬಿಡುತ್ತದೆ, ಸ್ಪೀಕರಿನ ಕಾಗದ ತಾನೂ ಒಂದಿಷ್ಟು ಗೊರಗುಡುತ್ತದೆ. ಸ್ಪೀಕರ್ ನೂಕಿದ ಗಾಳಿ ಬಂದು ತಂತಿಗೆ ತಾಗಿ ಸ್ವರ ಸಾಯದೆ ನಿಲ್ಲುತ್ತದೆ. ನೂರು ವಾಟಿನದು ಮದುವೆ ಮನೆಯ ಕೊಪ್ಪರಿಗೆ, ಉಕ್ಕಿಸಬೇಕಾದರೆ ಬೆಂಕಿಯೂ ಅಷ್ಟೇ ಬೇಕು. ಚಾಂಪ್ ಒಂದು ಲೋಟದ ಪಾತ್ರೆ.

ಆದರೆ ಆ ಒಂದು ಲೋಟವೂ ಮನೆಗೆ ಹೆಚ್ಚೇ. ಮಾರ್ಷಲ್ ಪೆಟ್ಟಿಗೆಗಳಲ್ಲಿ ಕೂರುತ್ತಿದ್ದ ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ ಸ್ಪೀಕರ್ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ 98 ಡೆಸಿಬೆಲ್ ಕೂಗುತ್ತದೆ. ನಮ್ಮ ಸಾಧಾರಣ ಮಾತು 60ರ ಸುಮಾರು. ವಾಟ್ ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬೆಲ್, ಕಿವಿಗೆ ಇಮ್ಮಡಿ ಜೋರು ಅನ್ನಿಸಲು ವಾಟ್ ಹತ್ತು ಪಟ್ಟು ಆಗಬೇಕು. ಐವತ್ತು ವಾಟಿನ ಬದಲು ಐದು ವಾಟಿನದು ತಂದು ಹತ್ತನೇ ಒಂದು ಪಾಲಿಗೆ ಇಳಿಸಿದೆ ಅಂದುಕೊಂಡವರು ಇಳಿಸಿದ್ದು ಅರ್ಧಕ್ಕೆ ಮಾತ್ರ. ಟಿವಿ ಹಚ್ಚಿದ ಮನೆಗೆ ಹೊಂದುವ 75 ಡೆಸಿಬೆಲ್ ಸಾಕು ಅನ್ನುವುದಾದರೆ ಅದೇ ಸ್ಪೀಕರಿಗೆ ಬೇಕಾದದ್ದು ಐದು ಮಿಲಿವಾಟ್. ಅಜ್ಜಿಯ ದೂರಿಗೆ ಲೆಕ್ಕದ ಆಧಾರ ಪೂರಾ ಇತ್ತು.

ಆ ಕಾಲದ ದೊಡ್ಡ ದನಿಗಳಲ್ಲಿ ಕೆಲವು ಬಂದದ್ದಂತೂ ದೊಡ್ಡ ಆಂಪುಗಳಿಂದಲೇ ಅಲ್ಲ. ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಮಿನಲ್ಲಿ ಜಿಮ್ಮಿ ಪೇಜ್ ಟೆಲಿಕಾಸ್ಟರ್ ಗಿಟಾರನ್ನು ಚುಚ್ಚಿದ್ದು ಸುಪ್ರೊ ಎಂಬ ಸಣ್ಣ ಆಂಪಿಗೆ. 1970ರಲ್ಲಿ ಮೈಯಾಮಿಯಲ್ಲಿ 'ಲೈಲಾ' ಆಲ್ಬಮ್ ಮಾಡುವಾಗ ಕ್ಲ್ಯಾಪ್ಟನ್ ನುಡಿಸಿದ್ದು ಫೆಂಡರ್ ಚಾಂಪ್‌ನಲ್ಲಿ. ಮೈಕ್ ಹತ್ತಿರ ಇಟ್ಟರೆ ಇಲಿಯೂ ಆನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕ್ವೀನ್ ತಂಡದ ಬಾಸ್ ವಾದಕ ಜಾನ್ ಡೀಕನ್‌ನ ಕಥೆ. ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. ಎಪ್ಪತ್ತರ ದಶಕದ ಆರಂಭದಲ್ಲಿ ಲಂಡನ್ನಿನ ಬೀದಿಯ ಕಸದ ತೊಟ್ಟಿಯಿಂದ ತಂತಿಗಳು ಹೊರಗೆ ಇಣುಕುತ್ತಿದ್ದುದನ್ನು ಕಂಡ. ಎಳೆದು ನೋಡಿದರೆ ಯಾವುದೋ ಟ್ರಾನ್ಸಿಸ್ಟರ್ ರೇಡಿಯೊದ ಆಂಪ್ಲಿಫೈಯರ್ ಬೋರ್ಡು. ಮನೆಗೆ ತಂದು, ಪುಸ್ತಕದ ಕಪಾಟಿನಲ್ಲಿಡುವಂಥ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, ಒಂಬತ್ತು ವೋಲ್ಟ್ ಬ್ಯಾಟರಿ ಹಾಕಿದ. ಅದಕ್ಕೆ ವಾಲ್ಯೂಮ್ ಗುಂಡಿಯೂ ಇಲ್ಲ, ಟೋನ್ ಗುಂಡಿಯೂ ಇಲ್ಲ. ಬ್ರಯಾನ್ ಮೇ ಅದಕ್ಕೆ ಗಿಟಾರ್ ಚುಚ್ಚಿ, ಸಾಲು ಸಾಲಾಗಿ ಒಂದರ ಮೇಲೊಂದು ಹೆಣೆದು ಪಿಟೀಲು, ಕ್ಲಾರಿನೆಟ್, ತುತ್ತೂರಿಗಳ ಭ್ರಮೆ ಹುಟ್ಟಿಸಿದ. 1975ರ 'ಗುಡ್ ಕಂಪನಿ' ಹಾಡಿನ ಜಾಜ್ ಬ್ಯಾಂಡ್ ಪೂರ್ತಿ ಗಿಟಾರು. ವಾಲ್ವ್ ಇಲ್ಲದ್ದು ಆಂಪೇ ಅಲ್ಲ ಎಂದು ವಾದಿಸುವವರು ಎದುರಾದಾಗಲೆಲ್ಲ ನಾನು ಈ ಕಸದ ತೊಟ್ಟಿಯನ್ನು ಮುಂದಿಡುತ್ತೇನೆ.

ಜೋರು ತಗ್ಗಿಸುವ ಮೊದಲ ದೊಡ್ಡ ಉಪಾಯ ಮಾಸ್ಟರ್ ವಾಲ್ಯೂಮ್. ಮೊದಲ ಹಂತದ ವಾಲ್ವ್‌ಗಳಲ್ಲೇ ಸೌಂಡ್ ಒಡೆಸಿ, ಪವರ್ ವಾಲ್ವ್‌ಗೆ ಹೋಗುವಾಗ ನಲ್ಲಿ ಸಣ್ಣ ಮಾಡುವುದು. ಕ್ಯಾಲಿಫೋರ್ನಿಯಾದಲ್ಲಿ ರಾಂಡಲ್ ಸ್ಮಿತ್ ಪುಟ್ಟ ಫೆಂಡರ್ ಪ್ರಿನ್ಸ್‌ಟನ್‌ಗಳನ್ನು ಬಿಚ್ಚಿ ಕಟ್ಟುತ್ತ ಮೆಸಾ ಬೂಗಿ ಹುಟ್ಟುಹಾಕಿದರು. 1975ರಲ್ಲಿ ಮಾರ್ಷಲ್ 2203 ಬಂತು. ಬೋಸ್ಟನ್ ತಂಡದ ಟಾಮ್ ಶೋಲ್ಜ್, ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ದುಡಿದ ಎಂಜಿನಿಯರ್, ಬೇರೆಯದೇ ದಾರಿ ಹಿಡಿದ. ಆಂಪ್ ಪೂರ್ತಿ ಕೂಗಲಿ, ಶಕ್ತಿಯನ್ನು ಸ್ಪೀಕರಿಗೆ ತಲುಪುವ ಮೊದಲೇ ಶಾಖವಾಗಿ ಸುಟ್ಟುಬಿಡೋಣ ಎಂಬುದು ಅವನ ಪವರ್ ಸೋಕ್ ಪೆಟ್ಟಿಗೆಯ ತರ್ಕ. 1982ರಲ್ಲಿ ಸ್ಪೀಕರನ್ನೇ ಕಿತ್ತುಹಾಕಿ ಸೊಂಟಕ್ಕೆ ಸಿಕ್ಕಿಸುವ ರಾಕ್‌ಮನ್ ಹೆಡ್‌ಫೋನ್ ಆಂಪ್ ತಂದ. ನಡುರಾತ್ರಿ ಮಂಚದ ಮೇಲೆ ಕೂತು ನುಡಿಸುವ ಇಂದಿನ ಅಭ್ಯಾಸಕ್ಕೆ ಹಿರಿಯಜ್ಜ ಅದು.

ಇವುಗಳಲ್ಲಿ ಯಾವುದೂ ಕಿವಿಯ ಒಂದು ಹಳೇ ಚಾಳಿಯನ್ನು ಗೆಲ್ಲಲಿಲ್ಲ. ಸದ್ದು ಸಣ್ಣದಾದಂತೆ ಕಿವಿಗೆ ಮಂದ್ರವೂ ತಾರದ ತುದಿಯೂ ನಡುವಿನ ಸ್ವರಗಳಿಗಿಂತ ಬೇಗ ಕಳೆದುಹೋಗುತ್ತವೆ ಎಂದು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಅದೇ ಆಂಪ್, ಅದೇ ಗುಂಡಿ, ಸದ್ದು ಮಾತ್ರ ಕಡಿಮೆ ಮಾಡಿದರೂ ದನಿ ಬಡಕಲಾಗುವುದು ಇದಕ್ಕೇ. ಮನೆಯಲ್ಲಿ ನುಡಿಸುವವನು ಬಾಸ್ ಗುಂಡಿಯನ್ನು ಸ್ವಲ್ಪ ಏರಿಸಿಕೊಂಡರೆ ತಪ್ಪಲ್ಲ.

ಎಂಬತ್ತು ತೊಂಬತ್ತರ ದಶಕದ ಅಗ್ಗದ ಪ್ರಾಕ್ಟೀಸ್ ಆಂಪುಗಳ ಬಗ್ಗೆ ಹೆಚ್ಚು ಹೇಳದಿರುವುದೇ ಕ್ಷೇಮ. ಹತ್ತು ವಾಟಿನ ಟ್ರಾನ್ಸಿಸ್ಟರ್, ಅಂಗೈಯಗಲದ ಸ್ಪೀಕರ್, 'ಓವರ್‌ಡ್ರೈವ್' ಎಂಬ ಕೆಂಪು ಒತ್ತುಗುಂಡಿ. ಒತ್ತಿದರೆ ಬೆಂಕಿಪೊಟ್ಟಣದೊಳಗೆ ಜೀರುಂಡೆ. ನಮ್ಮಲ್ಲಿ ಅದೂ ಸಿಗದವರು ಟೇಪ್ ರೆಕಾರ್ಡರಿನ ಮೈಕ್ ತೂತಿಗೆ ಗಿಟಾರ್ ಚುಚ್ಚುತ್ತಿದ್ದರು, ಇಲ್ಲವೆ ಗಣೇಶೋತ್ಸವದ ಅಹುಜಾ ಸೆಟ್ಟಿಗೆ. ಆ ಟೇಪ್ ರೆಕಾರ್ಡರ್ ಎಷ್ಟೋ ಸಲ ಆ ಆಂಪಿಗಿಂತ ವಾಸಿ ಇರುತ್ತಿತ್ತು.

ಆಮೇಲೆ ಬಂದದ್ದು ಮಾಡೆಲಿಂಗ್. ಹಳೇ ಆಂಪಿನ ಒಂದೊಂದು ಹಂತದ ನಡತೆಯನ್ನೂ ಅಳೆದು, ಗಣಿತ ಮಾಡಿ, ಚಿಪ್ಪಿನಲ್ಲಿ ಕೂರಿಸುವ ವಿದ್ಯೆ. ಲೈನ್ 6 ಕಂಪನಿ 1996ರಲ್ಲಿ ಇಂಥ ಆಂಪ್ ತಂದು, 1998ರಲ್ಲಿ ರಾಜ್ಮಾ ಕಾಳಿನ ಆಕಾರದ ಕೆಂಪು ಪಾಡ್ ಬಿಟ್ಟಿತು. ಮೊದಮೊದಲು ದನಿ ಹತ್ತಿರ ಬರುತ್ತಿತ್ತು, ಬೆರಳಿಗೆ ಉತ್ತರ ಕೊಡುತ್ತಿರಲಿಲ್ಲ: ಮೆಲ್ಲಗೆ ನುಡಿಸಿದರೂ ಗಟ್ಟಿಯಾಗಿ ನುಡಿಸಿದರೂ ಒಂದೇ ಮುಖ. ಆ ಕೊರತೆ ತುಂಬಲು ಹತ್ತು ಹದಿನೈದು ವರ್ಷ ಹಿಡಿಯಿತು. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವ ರೋಲೆಂಡ್ ಮೈಕ್ರೊ ಕ್ಯೂಬ್ ಕರೆಂಟ್ ಹೋದ ಸಂಜೆಗಳಿಗೆ ವರವಾಯಿತು. 2011ರ ಯಮಾಹಾ ಟಿಎಚ್‌ಆರ್ ಗಿಟಾರ್ ಆಂಪನ್ನು ಮೇಜಿನ ಮೇಲಿನ ಸ್ಟೀರಿಯೊ ಮಾಡಿತು. ಕಡಿಮೆ ಸದ್ದಿನಲ್ಲೇ ತುಂಬಿಕೊಳ್ಳಲಿ ಎಂದು ಮೊದಲಿನಿಂದಲೇ ಯೋಚಿಸಿ ಮಾಡಿದ್ದು. 2016ರಲ್ಲಿ ಬಂದ ಬಾಸ್ ಕಟಾನಾದ ಐವತ್ತು ವಾಟಿನ ಮಾಡೆಲ್‌ಗೆ ಹನ್ನೆರಡು ಇಂಚಿನ ಸ್ಪೀಕರ್, ಜೊತೆಗೆ 50, 25, ಅರ್ಧ ವಾಟ್ ಎಂದು ಮೂರು ಮೆಟ್ಟಿಲ ಸ್ವಿಚ್.

ವಾಲ್ವ್‌ನವರೂ ಸುಮ್ಮನೆ ಕೂರಲಿಲ್ಲ. ಎಪಿಫೋನ್ ವಾಲ್ವ್ ಜೂನಿಯರ್ ಚಾಂಪಿನ ಒಂದೇ ಗುಂಡಿಯ ಸರಳತೆಯನ್ನು ಅಗ್ಗಕ್ಕೆ ಮರಳಿ ತಂದಿತು. ವಾಕ್ಸ್ ಎಸಿ4ಟಿವಿ ನಾಲ್ಕು ವಾಟ್, ಒಂದು ವಾಟ್, ಕಾಲು ವಾಟ್ ಎಂದು ಇಳಿಯುತ್ತದೆ. ಈ ಎರಡರಲ್ಲೂ ಕೂರುವ ಇಎಲ್84 ವಾಲ್ವ್‌ಗೆ ಬೆಂಗಳೂರಿನ ನಂಟಿದೆ. ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ನಮ್ಮ ವಾಲ್ವ್ ರೇಡಿಯೊಗಳಿಗೆಂದು ಇವನ್ನು ಮಾಡುತ್ತಿತ್ತು, ಆ ಹಳೇ ದಾಸ್ತಾನನ್ನು ಹೊರದೇಶದ ಗಿಟಾರಿನವರು ಈಗಲೂ ಹುಡುಕಿ ಕೊಳ್ಳುತ್ತಾರೆ. ಹಾಗೆಂದು ಅಮೆರಿಕದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಆಂಪ್ ತರಿಸುವ ಮುಂಚೆ ಹಿಂಬದಿ ಓದಿಸಿ. ಅಲ್ಲಿನದು 120 ವೋಲ್ಟ್, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಹೊಗೆಯೇ. ವಾಲ್ವ್ ಆಂಪಿನ ಹೊಟ್ಟೆಯೊಳಗೆ ಪ್ಲಗ್ ಕಿತ್ತ ಮೇಲೂ ಕೊಲ್ಲುವಷ್ಟು ಕರೆಂಟ್ ಕೂತಿರುತ್ತದೆ, ತಿಳಿಯದವರು ತೆರೆಯಬಾರದು.

ನನ್ನನ್ನು ಕೇಳಿದರೆ, ಗೋಡೆ ಹಂಚಿಕೊಂಡ ಮನೆಯವರು ವಾಲ್ವ್‌ನ ಮೋಹ ಬಿಟ್ಟು, ಸ್ಪೀಕರ್ ದೊಡ್ಡದಿರುವ, ಶಕ್ತಿ ಇಳಿಸುವ ಸ್ವಿಚ್ ಇರುವ ಮಾಡೆಲಿಂಗ್ ಆಂಪ್ ಕೊಳ್ಳುವುದು ಮೇಲು. ಎಂಟು ಇಂಚಿಗಿಂತ ಚಿಕ್ಕ ಸ್ಪೀಕರಾದರೆ ಟಿಎಚ್‌ಆರ್ ತರಹ ಕಡಿಮೆ ಸದ್ದಿಗೆಂದೇ ಹೊಂದಿಸಿದ್ದು ಇರಲಿ. ತೋಟದ ಮನೆಯವರಿಗೆ, ಊರಾಚೆ ಒಂಟಿ ಮನೆಯವರಿಗೆ ಐದು ವಾಟಿನ ವಾಲ್ವ್‌ಗೆ ಸಮ ಇನ್ನೊಂದಿಲ್ಲ. ಮಾಡೆಲಿಂಗ್ ಆಂಪಿನ ಒಳಗಿರುವ ಆಂಪುಗಳ ಎಣಿಕೆ ನಲವತ್ತೋ ನೂರೋ ಎಂಬುದು ಲೆಕ್ಕಕ್ಕಿಲ್ಲ, ಕೊಂಡವರು ತಿಂಗಳೊಳಗೆ ಎರಡಕ್ಕೆ ಬಂದು ನಿಲ್ಲುತ್ತಾರೆ.

ಅಂಗಡಿಯ ಹುಡುಗ ಆಂಪ್ ಹಾಕಿದ ಕೂಡಲೇ ಜೋರು ಮಾಡುತ್ತಾನೆ, ಜೋರಿನಲ್ಲಿ ಎಲ್ಲವೂ ಚೆನ್ನ. ಅವನು ಪಕ್ಕದಲ್ಲಿ ನಿಂತು ಆಡುವ ಮಾತು ಕಿವಿಗೆ ಬೀಳುವಷ್ಟಕ್ಕೆ ಇಳಿಸಲು ಹೇಳಿ. ಗೇನ್ ಅರ್ಧಕ್ಕಿರಲಿ. ಗಿಟಾರಿನ ವಾಲ್ಯೂಮ್ ಹತ್ತರಲ್ಲಿಟ್ಟು ಒಂದು ಎ ಕಾರ್ಡ್ ನುಡಿಸಿ, ಆಮೇಲೆ ನಾಲ್ಕಕ್ಕೆ ಇಳಿಸಿ ಅದನ್ನೇ ಮತ್ತೆ ನುಡಿಸಿ. ಒರಟುತನ ಕರಗಿ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿದರೆ ಬೆಲೆ ಕೇಳಬಹುದು. ಅದೇ ಗೊರಗೊರ ಸಣ್ಣದಾಗಿ ಕೇಳಿದರೆ ಮುಂದಿನ ಆಂಪಿಗೆ ಚುಚ್ಚಿಸಿ.