ಜಿಂಕೆಗೆ ತಕ್ಕ ತೋಟೆ: ನೂರ ಮೂವತ್ತು ವರ್ಷಗಳ ಒಂದು ಸಮೀಕ್ಷೆ

ಹೋದ ವರ್ಷ ಜಿಂಕೆಯ ಸೀಸನ್ನಿಗೆ ಎರಡು ವಾರ ಮುಂಚೆ ನಮ್ಮ ವಿರಾಜಪೇಟೆ ಕಡೆಯವರ ಮಗನೊಬ್ಬ ಮನೆಗೆ ಬಂದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಪೆನ್ಸಿಲ್ವೇನಿಯಾದಲ್ಲಿ. ಮೊದಲ ಲೈಸೆನ್ಸು ಮಾಡಿಸಿದ್ದ, ಕೈಯಲ್ಲಿ ಹೊಚ್ಚ ಹೊಸ .300 ವಿಂಚೆಸ್ಟರ್ ಮ್ಯಾಗ್ನಂ. “ಇದೊಂದಿದ್ರೆ ಯಾವ ಪ್ರಾಣಿಗೂ ಸಾಕು ಅಂದ್ರು ಅಂಕಲ್” ಎಂದ. ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದೆ. ನೂರು ಗಜದಲ್ಲಿ ನಾಲ್ಕು ಈಡು ಹೊಡೆದ. ನಾಲ್ಕೂ ಒಂದೊಂದು ಮೂಲೆಗೆ ಹೋದವು. ಐದನೆಯ ಸಲ ಅವನಿಗೆ ಗೊತ್ತಾಗದಂತೆ ಕೋವಿಯನ್ನು ಖಾಲಿ ಬಿಟ್ಟು ಕೊಟ್ಟೆ. ಕುದುರೆ ಎಳೆಯುತ್ತಿದ್ದಂತೆ ಒದೆತದ ಭಯಕ್ಕೆ ಅವನ ಕಣ್ಣು ಮುಚ್ಚಿತು, ಭುಜ ಮುಂದಕ್ಕೆ ನೂಕಿತು, ನಳಿಗೆಯ ತುದಿ ಒಂದು ಗೇಣು ಕೆಳಗಿಳಿಯಿತು. ಸದ್ದೇ ಇಲ್ಲ. ಹುಡುಗ ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ನೋಡಿದ.

ತಪ್ಪು ಅವನದಲ್ಲ. ಜಿಂಕೆ ಬೇಟೆಯ ತೋಟೆಗಳ ಚರಿತ್ರೆಯನ್ನು ನಾವು ಹೇಳಿಕೊಂಡು ಬಂದ ರೀತಿಯಲ್ಲೇ ತಪ್ಪಿದೆ. ಹೆಸರು, ವೇಗ, ಶಕ್ತಿಯ ಅಂಕಿ, ಮತ್ತೆ ಹೊಸ ಹೆಸರು, ಹೀಗೆ. ಕರ್ನಾಟಕದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಚೆಗೆ ಜಿಂಕೆಗೆ ಯಾವ ತೋಟೆ ಎಂಬ ಪ್ರಶ್ನೆಯೇ ಏಳುವುದಿಲ್ಲ, ಏಳಲೂ ಬಾರದು. ಆದರೆ ಅಮೆರಿಕದಲ್ಲಿರುವ ನಮ್ಮವರ ಮಕ್ಕಳಲ್ಲಿ ಕೆಲವರು ಕಾನೂನಿನ ಪ್ರಕಾರವೇ ಬೇಟೆಗೆ ಹೋಗುತ್ತಾರೆ, ಹೊಡೆದ ಮಾಂಸವನ್ನು ಮನೆಗೆ ತರುತ್ತಾರೆ. ಅವರಿಗೆ ಕೊಡಲು ಕನ್ನಡದಲ್ಲಿ ಒಂದು ಪುಟವೂ ಇಲ್ಲ. ತೇಜಸ್ವಿಯವರ ಅನುವಾದಗಳ ಮೂಲಕ ಬೇಟೆಗಾರ ಕೆನೆತ್ ಆಂಡರ್ಸನ್ ನಮ್ಮ ಮನೆಮಾತಾದರು, ಅವರ .405 ವಿಂಚೆಸ್ಟರ್ ಹಲವರಿಗೆ ಗೊತ್ತು. ಜಿಮ್ ಕಾರ್ಬೆಟ್ಟರ .275 ರಿಗ್ಬಿಯೂ ಗೊತ್ತು. ಆ ಕೋವಿಗಳೊಳಗೆ ಎಂಥ ಗುಂಡಿತ್ತು ಎಂದು ಯಾರೂ ಕೇಳಲಿಲ್ಲ. ತೋಟೆ ಎಂದರೆ ಹಿತ್ತಾಳೆಯ ಚಿಪ್ಪು, ಕೇಪು, ಮದ್ದು, ಗುಂಡು ಎಲ್ಲ ಸೇರಿ ಒಂದು. ಇದರಲ್ಲಿ ಪ್ರಾಣಿಯನ್ನು ಮುಟ್ಟುವುದು ಗುಂಡು ಮಾತ್ರ.

ಶುರುವಿನ ಕಾಲವನ್ನು ಬೇಗ ದಾಟೋಣ. 1873ರ .45-70 ಕರಿಮದ್ದಿನ ತೋಟೆ. 405 ಗ್ರೇನ್, ಅಂದರೆ ಸುಮಾರು 26 ಗ್ರಾಂ ತೂಕದ ಸೀಸದ ಉಂಡೆಯನ್ನು ನಿಧಾನವಾಗಿ ನೂಕುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವ್ಯೆಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಕಿರಿದಾದ ಗುಂಡನ್ನು ವೇಗವಾಗಿ ಬಿಡುವುದು ಸಾಧ್ಯವಾಯಿತು. ಅಮೆರಿಕದ ಬೇಟೆಗಾರನಿಗೆ ಅದು 1895ರಲ್ಲಿ .30-30 ಆಗಿ ಕೈಗೆ ಸಿಕ್ಕಿತು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1894ರ ಲಿವರ್ ರೈಫಲ್‌ಗೆಂದೇ ಬಂದ ತೋಟೆ ಅದು. ಆ ರೈಫಲ್‌ನಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತದೆ. ಚೂಪು ಮೂತಿ ಇದ್ದರೆ ಅಪಾಯ. ಹಾಗಾಗಿ ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿದರು. ಅದು ಗಾಳಿಯಲ್ಲಿ ಬೇಗ ಸೋಲುತ್ತದೆ, ಆದರೆ ಹತ್ತಿರದಲ್ಲಿ ಜಿಂಕೆಯ ಪಕ್ಕೆಗೆ ಬಿದ್ದಾಗ ಚೆನ್ನಾಗಿ ಅರಳುತ್ತದೆ. ಇಷ್ಟು ಒಳ್ಳೆಯ ತೋಟೆ ಬರುವ ಹೊತ್ತಿಗೆ ಹೊಡೆಯಲು ಜಿಂಕೆಗಳೇ ಉಳಿದಿರಲಿಲ್ಲ. ಮಾರಾಟದ ಬೇಟೆ ಬಿಳಿಬಾಲದ ಜಿಂಕೆಯನ್ನು ಇಡೀ ದೇಶದಲ್ಲಿ ಐದು ಲಕ್ಷಕ್ಕೂ ಕೆಳಗೆ ಇಳಿಸಿತ್ತು ಎಂಬ ಅಂದಾಜಿದೆ. ಇವತ್ತು ಅವು ಸುಮಾರು ಮೂರು ಕೋಟಿ. ನಡುವೆ ಅಕ್ರಮ ಬೇಟೆಯ ಅಂತರರಾಜ್ಯ ಸಾಗಾಟ ತಡೆದ 1900ರ ಲೇಸಿ ಕಾಯ್ದೆ, ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ತಿರುಗಿಸಿದ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಇವೆಲ್ಲ ಇವೆ. ಆ ಕತೆ ಬೇರೆಯದೇ ಲೇಖನ.

1906ರಲ್ಲಿ ಸೈನ್ಯದ .30-06 ಬಂತು, ವೇಗದ ಹುಚ್ಚೂ ಬಂತು. 1915ರ .250-3000 ಸ್ಯಾವೇಜ್ ನೋಡಿ. ಸೆಕೆಂಡಿಗೆ 3000 ಅಡಿ ಎಂಬ ಅಂಕಿಯನ್ನು ಹೆಸರಿನಲ್ಲೇ ಹಾಕಿಕೊಳ್ಳಲು ಗುಂಡನ್ನು 87 ಗ್ರೇನಿಗೆ ಇಳಿಸಿದರು. ಅಂಕಿ ಮೊದಲು, ಪ್ರಾಣಿ ಆಮೇಲೆ ಎಂಬ ಪದ್ಧತಿ ಅಲ್ಲಿಂದಲೇ ಶುರು ಎಂದು ನನ್ನ ಎಣಿಕೆ. 1925ರಲ್ಲಿ .270 ವಿಂಚೆಸ್ಟರ್. ಅದರ ಪರವಾಗಿ ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ದಶಕಗಳ ಕಾಲ ಬರೆದವರು ಜಾಕ್ ಒಕಾನರ್. ಹಗುರ ಗುಂಡು, ಹೆಚ್ಚು ವೇಗ ಅವರ ವಾದ. ದಪ್ಪ, ಭಾರದ, ನಿಧಾನದ ಗುಂಡೇ ಸರಿ ಎಂದು ಎಲ್ಮರ್ ಕೀತ್. ಈ ಜಗಳ ಎರಡು ತಲೆಮಾರಿನ ಬೇಟೆಗಾರರನ್ನು ಎರಡು ಪಂಗಡ ಮಾಡಿತು. ಒಕಾನರ್ ಅವರ ಹೆಂಡತಿ ಎಲೀನರ್ ಮಾತ್ರ ಈ ಜಗಳಕ್ಕೆ ಹೋಗಲಿಲ್ಲ. 1890ರ ದಶಕದ 7×57 ಮೌಸರ್ ಹಿಡಿದು ಅಮೆರಿಕದಲ್ಲೂ ಆಫ್ರಿಕಾದಲ್ಲೂ ಶಾಂತವಾಗಿ ಬೇಟೆಯಾಡಿದರು. ಕಾರ್ಬೆಟ್ಟರ .275 ಕೂಡ ಇದೇ ತೋಟೆ, ಇಂಗ್ಲಿಷ್ ಹೆಸರಿನಲ್ಲಿ. ಭುಜಕ್ಕೆ ಮೆದು, ಗುರಿಗೆ ನಂಬಿಕಸ್ತ. ಗಂಡನ .270ರ ಬಗ್ಗೆ ಸಾವಿರ ಪುಟ ಇದೆ. ಎಲೀನರ್ ಅವರ ಮೌಸರ್ ಬಗ್ಗೆ ಅಲ್ಲೊಂದು ಇಲ್ಲೊಂದು ಪ್ಯಾರಾ.

ನಿಜವಾದ ತಿರುವು ಎಂದು ನಾನು ಎಣಿಸುವುದು 1946ನ್ನು. ಆ ವರ್ಷ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನೋಸ್ಲರ್ ಎಂಬವರು .300 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಂನಿಂದ ಒಂದು ಮೂಸ್‌ಗೆ ಹೊಡೆದರು. ಹತ್ತಿರದಿಂದಲೇ, ಸರಿಯಾದ ಜಾಗಕ್ಕೇ. ಪ್ರಾಣಿ ಬೀಳಲಿಲ್ಲ. ವೇಗ ಹೆಚ್ಚಾದದ್ದರಿಂದ ಗುಂಡು ಭುಜದ ಮೇಲಿನ ಕೆಸರು ಮತ್ತು ಚರ್ಮದ ಹತ್ತಿರವೇ ಒಡೆದು ಚೂರಾಗಿತ್ತು, ಒಳಗೆ ಇಳಿದಿರಲಿಲ್ಲ. ತೋಟೆ ಬದಲಿಸಬೇಕು ಎಂದು ಬೇರೆಯವರು ಅಂದುಕೊಳ್ಳುವ ಕಡೆ ಅವರು ಗುಂಡು ಬದಲಿಸಬೇಕು ಅಂದುಕೊಂಡರು. ತಾಮ್ರದ ಕವಚದ ನಡುವೆ ಒಂದು ಅಡ್ಡಗೋಡೆ. ಮುಂದಿನ ಕೋಣೆಯ ಸೀಸ ಅರಳಲಿ, ಹಿಂದಿನ ಕೋಣೆಯ ಸೀಸ ಗಟ್ಟಿಯಾಗಿ ನಿಂತು ಒಳಕ್ಕೆ ಹೋಗಲಿ. ಎರಡು ವರ್ಷದೊಳಗೆ ಅದು ನೋಸ್ಲರ್ ಪಾರ್ಟಿಷನ್ ಎಂದು ಮಾರಾಟಕ್ಕೆ ಬಂತು.

ನನ್ನ ಮೇಜಿನ ಮೇಲೆ ಬೆಂಕಿಪೊಟ್ಟಣದಲ್ಲಿ ಅಂಥದೊಂದು ಗುಂಡು ಇದೆ. ಒಂದು ಗಂಡು ಜಿಂಕೆಯ ಆಚೆ ಭುಜದ ಚರ್ಮದ ಅಡಿಯಲ್ಲಿ, ಬೆರಳಿಗೆ ಗುಬ್ಬಿಯ ಮೊಟ್ಟೆಯ ಹಾಗೆ ಸಿಕ್ಕಿದ್ದು. ಮುಂಭಾಗ ನಾಯಿಕೊಡೆಯಂತೆ ಹಿಂದಕ್ಕೆ ಮಡಿಚಿಕೊಂಡಿದೆ, ತಾಮ್ರದ ಎಸಳುಗಳ ನಡುವೆ ಎಲುಬಿನ ಬಿಳಿ ಪುಡಿ ಇನ್ನೂ ಅಂಟಿದೆ. ಹಿಂಭಾಗ ಕಾರ್ಖಾನೆಯಿಂದ ಬಂದಷ್ಟೇ ನುಣುಪು, ನಳಿಗೆಯ ಗೀರುಗಳನ್ನು ಉಗುರಿನಿಂದ ಎಣಿಸಬಹುದು. ಹೊರಟಾಗ 140 ಗ್ರೇನ್. ತೂಗಿದಾಗ ಮೂರರಲ್ಲಿ ಎರಡು ಪಾಲು ಉಳಿದಿತ್ತು. ಆ ಜಿಂಕೆ ಹದಿನೈದು ಹೆಜ್ಜೆ ಹೋಗಿರಲಿಲ್ಲ.

1955ರಲ್ಲಿ ಅವಳಿ ತೋಟೆಗಳು ಬಂದವು: .243 ವಿಂಚೆಸ್ಟರ್, .244 ರೆಮಿಂಗ್ಟನ್. ಎರಡರ ಗುಂಡಿನ ಅಳತೆಯೂ ಒಂದೇ. ವಿಂಚೆಸ್ಟರ್‌ನವರು ನಳಿಗೆಯೊಳಗಿನ ಗೀರಿಗೆ ಹತ್ತು ಇಂಚಿಗೊಂದು ಸುತ್ತು ಕೊಟ್ಟರು, 100 ಗ್ರೇನಿನ ಗುಂಡು ನೆಟ್ಟಗೆ ಹಾರಿತು. ರೆಮಿಂಗ್ಟನ್‌ನವರು ಹನ್ನೆರಡು ಇಂಚಿಗೊಂದು ಸುತ್ತು ಕೊಟ್ಟು ಹಗುರ ಗುಂಡಿಗೆ ನಿಂತರು. ಜಿಂಕೆಗೆ ಭಾರದ ಗುಂಡು ಬೇಕಾದವರೆಲ್ಲ .243ಕ್ಕೆ ಹೋದರು. 1963ರಲ್ಲಿ ಸುತ್ತು ಸರಿಮಾಡಿ, 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಜನ ಮರಳಲಿಲ್ಲ. ಗುಂಡನ್ನು ಮರೆತರೆ ಒಳ್ಳೆಯ ತೋಟೆಯೂ ಹೇಗೆ ಸಾಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಬೆನ್ನಿಗೇ ಹೆಚ್ಚು ಮದ್ದಿನ ಮ್ಯಾಗ್ನಂಗಳು: 1962ರ 7 ಮಿ.ಮೀ. ರೆಮಿಂಗ್ಟನ್, 1963ರ .300 ವಿಂಚೆಸ್ಟರ್. ದೊಡ್ಡ ಎಲ್ಕ್‌ಗೆ, ಕರಡಿಗೆ ಅವು ಸರಿ. ಅರುವತ್ತು ಎಪ್ಪತ್ತು ಕಿಲೋ ತೂಗುವ ಬಿಳಿಬಾಲದ ಜಿಂಕೆಗೆ ಅವುಗಳ ಅಗತ್ಯ ಎಂದೂ ಇರಲಿಲ್ಲ.

ನಾನು ಈ ದೇಶಕ್ಕೆ ಬಂದದ್ದು ಎಂಬತ್ತರ ದಶಕದಲ್ಲಿ. ನಮ್ಮ ಪೀಳಿಗೆ ಎರಡು ವಿಷಯದಲ್ಲಿ ಪುಣ್ಯ ಮಾಡಿತ್ತು. ಮೊದಲನೆಯದು, 1980ರ 7ಎಂಎಂ-08 ರೆಮಿಂಗ್ಟನ್. .308ರ ಚಿಪ್ಪಿನ ಕತ್ತನ್ನು ಕಿರಿದು ಮಾಡಿ, ಹಳೆಯ ಮೌಸರ್ ಮಾಡುತ್ತಿದ್ದ ಕೆಲಸವನ್ನು ಸಣ್ಣ, ಹಗುರ ರೈಫಲ್‌ಗೆ ತಂದರು. 140 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2,860 ಅಡಿ ಹೋಗುತ್ತದೆ. ಭುಜಕ್ಕೆ ಬೀಳುವ ಒದೆತ .300 ಮ್ಯಾಗ್ನಂನ ಹೆಚ್ಚುಕಮ್ಮಿ ಅರ್ಧ. ನನ್ನ ಹೆಂಡತಿ, ನನ್ನ ಮಗಳು, ನಾನು ಕಲಿಸಿದ ಒಂಬತ್ತು ಜನ ಎಲ್ಲರೂ ಇದರಲ್ಲೇ ಶುರು ಮಾಡಿದ್ದು.

ಎರಡನೆಯದು, ಗಾಯದ ಬಗ್ಗೆ ಕೊನೆಗೂ ಯಾರೋ ಸರಿಯಾಗಿ ನೋಡಿದರು. ವಿಯೆಟ್ನಾಂನಲ್ಲಿ ಶಸ್ತ್ರಚಿಕಿತ್ಸೆ ಮಾಡಿದ್ದ ಮಾರ್ಟಿನ್ ಫ್ಯಾಕ್ಲರ್, ಸ್ಯಾನ್ ಫ್ರಾನ್ಸಿಸ್ಕೋದ ಸೈನ್ಯದ ಸಂಶೋಧನಾ ಸಂಸ್ಥೆಯಲ್ಲಿ ಜೆಲಟಿನ್ ಅಚ್ಚುಗಳಿಗೆ ಗುಂಡು ಹಾರಿಸಿ ಪ್ರತಿಯೊಂದರ ದಾರಿಯನ್ನು ಅಳೆದರು. ಶಕ್ತಿಯ ಅಂಕಿ ನೋಡಿ ಗಾಯ ಊಹಿಸಲಾಗದು. ಗುಂಡು ಎಷ್ಟು ಆಳ ಹೋಯಿತು, ಎಲ್ಲಿ ಅರಳಿತು, ಯಾವ ಅಂಗವನ್ನು ಹಾದುಹೋಯಿತು ಎಂಬುದೇ ಮುಖ್ಯ ಎಂದು ತೋರಿಸಿದರು. ತೊಂಬತ್ತರ ದಶಕದಲ್ಲಿ ಸೌತ್ ಕೆರೊಲೈನಾದ ಚಾರ್ಲ್ಸ್ ರೂತ್ ಎಂಬ ಜಿಂಕೆ ತಜ್ಞರು ಅದನ್ನೇ ಕಾಡಿನಲ್ಲಿ ಕಂಡರು. ಒಂದು ಬೇಟೆ ಕ್ಲಬ್ಬಿನಲ್ಲಿ ಬಿದ್ದ ಹತ್ತಿರ ಹತ್ತಿರ ಐನೂರು ಜಿಂಕೆಗಳ ಲೆಕ್ಕ ಇಟ್ಟರು. ತೋಟೆ ಸಣ್ಣದೋ ದೊಡ್ಡದೋ, ಜಿಂಕೆ ಓಡಿದ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಭುಜಕ್ಕೆ ಬಿದ್ದ ಈಡಿನಲ್ಲಿ ವ್ಯತ್ಯಾಸ ಇತ್ತು, ಬೇಗ ಅರಳುವ ಮೆದು ಗುಂಡಿನಲ್ಲಿ ಇತ್ತು. ಇಷ್ಟು ನೇರವಾದ ಫಲಿತಾಂಶ ಬಂದ ಮೇಲೂ ಅಂಗಡಿಯ ಮಾತು ಬದಲಾಗಲಿಲ್ಲ ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಕಾನೂನುಗಳೂ ಅಂಕಿಯನ್ನೇ ಹಿಡಿದಿವೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಹೆಚ್ಚಿನ ಜಾತಿಯ ಜಿಂಕೆಗಳಿಗೆ ನಳಿಗೆಯ ತುದಿಯಲ್ಲಿ 1,700 ಅಡಿ-ಪೌಂಡ್ ಶಕ್ತಿ ಕೇಳುತ್ತದೆ, ಜೊತೆಗೆ ಗುಂಡು ಅರಳುವಂಥದ್ದಿರಬೇಕು ಎಂದೂ ಹೇಳುತ್ತದೆ. ಆ ಎರಡನೆಯ ಮಾತಿಗಾಗಿ ನನಗೆ ಅದರ ಮೇಲೆ ಗೌರವ. ಅಮೆರಿಕದ ಬೇಟೆಗಾರರ ಬಾಯಲ್ಲಿರುವುದು ಜಿಂಕೆಯನ್ನು ಮುಟ್ಟುವಾಗ ಸಾವಿರ ಅಡಿ-ಪೌಂಡ್ ಇರಲೇಬೇಕು ಎಂಬ ನಿಯಮ. 200 ಗಜ ತಲುಪುವ ಹೊತ್ತಿಗೆ .30-30ರ 150 ಗ್ರೇನ್ ಗುಂಡಿನಲ್ಲಿ ಅಷ್ಟು ಉಳಿದಿರುವುದಿಲ್ಲ. ಆದರೂ ಅದರ ಏಟಿಗೆ ಬಿದ್ದ ಜಿಂಕೆಗಳನ್ನು ಎಣಿಸಿದವರಿಲ್ಲ.

ಈಗಿನ ಕಾಲದ ಹೆಸರು 6.5 ಕ್ರೀಡ್‌ಮೋರ್. 2007ರಲ್ಲಿ ಗುರಿ ಸ್ಪರ್ಧೆಗೆಂದು ಹುಟ್ಟಿದ್ದು. ತೋಟೆಯ ಮೇಲೆ ನನಗೆ ದೂರಿಲ್ಲ. 1894ರ ಸ್ವೀಡಿಷ್ 6.5×55ನ ಗುಣ ಅದರಲ್ಲಿದೆ, ಒದೆತ ಕಡಿಮೆ. ನನ್ನ ಜಗಳ ಅದರ ಹೆಸರಿನಲ್ಲಿ ಹೇಳುವ ದೂರದ ಮಾತಿನ ಜೊತೆ. 500 ಗಜ ತಲುಪಲು ಆ ಗುಂಡಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಇಟ್ಟರೆ, ಪುಪ್ಪುಸಕ್ಕೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಗುರಿಯ ಹಲಗೆ ಹೆಜ್ಜೆ ಇಡುವುದಿಲ್ಲ. ಇನ್ನು 2019ರ .350 ಲೆಜೆಂಡ್‌ನಂಥ ನೆಟ್ಟಗಿನ ಚಿಪ್ಪಿನವು, ರೈಫಲ್ಲಿನಲ್ಲಿ ಅಂಥವನ್ನಷ್ಟೇ ಒಪ್ಪುವ ಓಹಾಯೊದಂಥ ಕೆಲವು ರಾಜ್ಯಗಳ ಕಾನೂನಿಗೆ ತಕ್ಕಂತೆ ಬಂದವು, ಹತ್ತಿರದ ಬೇಟೆಗೆ ಚೆನ್ನ.

ಎರಡು ವಿಷಯಗಳ ಮೇಲೆ ಇನ್ನೂ ಸಾಕಷ್ಟು ಕೆಲಸವಾಗಿಲ್ಲ. ಒಂದು ಸೀಸ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಬಂದ ಜಿಂಕೆಯ ಮಾಂಸವನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ ಸೀಸದ ಸಣ್ಣ ಚೂರುಗಳು ಕಂಡವು. ವೇಗದ ಮೆದು ಗುಂಡು ಒಡೆದಾಗ ಅದರ ಪುಡಿ ಗಾಯದಿಂದ ಬಹಳ ದೂರದ ಮಾಂಸದವರೆಗೂ ಹೋಗಿರುತ್ತದೆ. ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನೇ ನಿಲ್ಲಿಸಿತು. 1989ರಲ್ಲಿ ಬಂದ ಬಾರ್ನ್ಸ್ ಎಕ್ಸ್‌ನಂಥ ಪೂರ್ತಿ ತಾಮ್ರದ ಗುಂಡು ಒಡೆಯುವುದಿಲ್ಲ, ಆದರೆ ವೇಗ ಇಳಿದರೆ ಸರಿಯಾಗಿ ಅರಳುವುದೂ ಇಲ್ಲ. ಅದನ್ನು ಬಳಸುವವನು ಹತ್ತಿರ ಹೋಗಲೇಬೇಕು. ಮನೆಯಲ್ಲಿ ಮಕ್ಕಳು ತಿನ್ನುವ ಮಾಂಸ ಅದು. ಮೆದು ಸೀಸದ ಪರ ಬಹಳ ವರ್ಷ ಮಾತಾಡಿದ ನಾನು ಈಗ ತಾಮ್ರ ತುಂಬುತ್ತೇನೆ.

ಇನ್ನೊಂದು, ಸಿಗದೇ ಹೋದ ಜಿಂಕೆ. ನೆತ್ತರು ನಸುಗೆಂಪು, ನೊರೆಯಿದ್ದರೆ ಪುಪ್ಪುಸ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಿದ್ದರೆ ಪಿತ್ತಜನಕಾಂಗ, ಗಂಟೆಗಟ್ಟಲೆ ಕಾಯಬೇಕು. ಹಸಿರು ಕಲೆಯಿದ್ದರೆ ಕರುಳು. ಆ ರಾತ್ರಿ ನಿದ್ದೆ ಬರುವುದಿಲ್ಲ. ಜಾಡು ಕಳೆದುಹೋದ ಇಂಥ ಜಿಂಕೆಗಳು ಯಾವ ತೋಟೆಯ, ಯಾವ ಗುಂಡಿನ, ಎಷ್ಟು ದೂರದ ಈಡಿನವು? ಇಷ್ಟು ವರ್ಷದಲ್ಲಿ ನಾನು ತುಂಬಿ ಕಳಿಸಿದ ವರದಿ ಕಾರ್ಡುಗಳಲ್ಲಿ ಗಂಡೋ ಹೆಣ್ಣೋ, ಕೊಂಬಿನ ಕವಲು ಎಷ್ಟು, ಯಾವ ಕೌಂಟಿ ಎಂದೆಲ್ಲ ಕೇಳಿದ್ದಾರೆ. ಗುಂಡಿನ ಬಗ್ಗೆ ಒಂದು ಗೆರೆಯೂ ಇಲ್ಲ. ಕಳೆದುಕೊಂಡವನಂತೂ ಕಾರ್ಡೇ ಕಳಿಸುವುದಿಲ್ಲ.

ನಾನು ನನ್ನದೇ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಅದರಲ್ಲಿ ಮೂರು ಸಾಲುಗಳ ಕೆಳಗೆ ‘ಸಿಗಲಿಲ್ಲ’ ಎಂದಿದೆ. ಎರಡು, ನಾನೂ ಮ್ಯಾಗ್ನಂ ಹಿಡಿದಿದ್ದ ಕಾಲದವು. ಆ ಹುಡುಗ ರೈಫಲ್ ಬದಲಿಸಿದ ಮೇಲೆ ಅದೇ ಅಳತೆಯ ಒಂದು ಪುಸ್ತಕ ಕೊಂಡ. ಮೊದಲ ಸಾಲನ್ನು ನನ್ನ ಅಡುಗೆಮನೆಯಲ್ಲೇ ಕೂತು ಬರೆದ: 7ಎಂಎಂ-08, ತಾಮ್ರ, 140 ಗ್ರೇನ್, 85 ಗಜ, ಹೆಣ್ಣು, ಭುಜದ ಹಿಂದೆ, ಓಡಿದ್ದು 20 ಗಜ.