ಬೆಟಗೇರಿಯ ಜರ್ಮನ್ ಮನೆಗಳು

ನರೇಗಲ್ಲಿನಿಂದ ಗದಗಿನ ಕಡೆಗೆ ಎರೆಹೊಲಗಳ ನಡುವೆ ಚಕ್ಕಡಿಗಳು ಸಾಗುತ್ತಿದ್ದ ಕಾಲದಲ್ಲಿ, ರೈಲು ಬರುವುದಕ್ಕೆ ನಾಲ್ಕು ದಶಕ ಮೊದಲೇ, ಬೆಟಗೇರಿಯ ನೇಕಾರರ ನೆರೆಯಲ್ಲಿ ಜರ್ಮನ್ ಭಾಷೆಯನ್ನು ಮನೆಮಾತಾಗಿ ಉಳ್ಳವರು ಬಂದು ನೆಲೆಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡವನ್ನೂ 1839ರಲ್ಲಿ ಹುಬ್ಬಳ್ಳಿಯನ್ನೂ ಸೇರಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣ್ಯ ಹೂಡಿದರು. ಅವರಲ್ಲಿ ಬಹುಮಂದಿ ವುರ್ಟೆಂಬರ್ಗ್ ಸೀಮೆಯವರು.

ಆ ಮನೆಗಳಲ್ಲಿ ಪ್ರಾತಃಕಾಲದ ಪ್ರಾರ್ಥನೆಯೂ ಲೂಥರನ ಬೈಬಲ್ಲಿನ ಪಠನವೂ ಕ್ರಿಸ್ಮಸ್ಸಿನ ಗೀತಗಳೂ ಜರ್ಮನ್ನಿನಲ್ಲಿಯೇ ನಡೆಯುತ್ತಿದ್ದವಾದರೂ, ಆಯಾಳ ಕಂಕುಳಲ್ಲಿ ಬೆಳೆದ ಶಿಶುವಿನ ನಾಲಗೆಗೆ ಊರ ನುಡಿಯೇ ಸುಲಭವಾಗಿ ಒಲಿಯುತ್ತಿದ್ದುದು ಸಹಜವೇ ಸರಿ. ಇದರಿಂದ ಭಾಷೆಯೊಡನೆ ಧರ್ಮವೂ ಆಚಾರವೂ ಸಡಿಲಬಹುದೆಂಬ ಭೀತಿಗೆ ಇಲ್ಲಿಯ ಹವೆಯ ಭಯವೂ ಕೂಡಿ, ಮಕ್ಕಳನ್ನು ಆರು ವರ್ಷದ ಆಸುಪಾಸಿನಲ್ಲಿಯೇ ಯುರೋಪಿಗೆ ಕಳುಹಿಸುವ ಪದ್ಧತಿ ಬಲಿಯಿತು. ಯೋಸೆಫ್ ಯೋಸೆನ್‌ಹನ್ಸರು ಮಿಶನ್ನಿನ ಮುಖ್ಯಸ್ಥರಾಗಿದ್ದಾಗ, 1853ರಲ್ಲಿ, ಅಂತಹ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಒಂದು ನಿಲಯ ಏರ್ಪಟ್ಟಿತು. ಹೀಗೆ ತಾಯಿಯ ಅಕ್ಕರೆಯೆಲ್ಲ ವಾರಗಟ್ಟಲೆ ಸಮುದ್ರಯಾನ ಮಾಡುವ ಪತ್ರಗಳಲ್ಲಿ ಅಡಗಬೇಕಾಯಿತು.

ಹಾಗೆ ಹೋದ ಮಕ್ಕಳಲ್ಲೊಬ್ಬಳಾದ, ಮಿಶನ್ನಿನವರೇ ಆಗಿದ್ದ ಹೆರ್ಮನ್ ಗುಂಡರ್ಟರ ಮಗಳು ಮಾರಿಯೆ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿಯೇ ಯುರೋಪಿಗೆ ಹೋಗಿ, 1857ರಲ್ಲಿ ಹೆತ್ತವರ ಬಳಿಗೆ ಮರಳುವಷ್ಟರಲ್ಲಿ ಹದಿಹರೆಯದವಳಾಗಿದ್ದಳು. ಕಾದಂಬರಿಕಾರ ಹೆರ್ಮನ್ ಹೆಸ್ಸೆ ಈಕೆಯ ಮಗ.

'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗರೂ, ಧಾರವಾಡ ಹುಬ್ಬಳ್ಳಿಗಳಲ್ಲಿ ದುಡಿದು 1894ರಲ್ಲಿ ಮಹಾಕೋಶವನ್ನು ಪ್ರಕಟಿಸಿದ ಕಿಟೆಲ್ಲರೂ ಇದೇ ಮಿಶನ್ನಿನವರು. ನಮ್ಮ ನುಡಿಗೆ ಆಯುಷ್ಯವನ್ನೇ ಧಾರೆಯೆರೆದವರ ಸಂಸ್ಥೆಯು ಸ್ವಂತ ಮಕ್ಕಳನ್ನು ಆ ನುಡಿಯ ನೆರಳಿನಿಂದ ದೂರವಿರಿಸಿದ್ದನ್ನು ನಾನು ಕಪಟವೆಂದು ಭಾವಿಸಲಾರೆ. ಅದು ಕರ್ತವ್ಯಬುದ್ಧಿಯಿಂದ ನಡೆದ, ಆದರೂ ಅತಿ ದುಬಾರಿಯಾದ ತ್ಯಾಗ. ಗಜೇಂದ್ರಗಡದ ಸುತ್ತಿನ ತಾಂಡಾಗಳಲ್ಲಿ ಲಂಬಾಣಿಗರ ಮಕ್ಕಳು ಮನೆಯಲ್ಲಿ ತಮ್ಮ ನುಡಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತ ತಾಯಿಯ ಮಗ್ಗುಲಲ್ಲಿಯೇ ಬೆಳೆದುದನ್ನು ಬಲ್ಲ ನಮಗೆ, ಆ ವಿಯೋಗ ಅನಿವಾರ್ಯವಾಗಿತ್ತೆಂದು ನಂಬುವುದು ಕಷ್ಟ.

1914ರ ಮಹಾಯುದ್ಧದಲ್ಲಿ ಜರ್ಮನರೆಲ್ಲರೂ ಶತ್ರುಪ್ರಜೆಗಳೆನಿಸಿದರು. ಯುದ್ಧವಯಸ್ಸಿನ ಗಂಡಸರು ಅಹಮದನಗರದ ಶಿಬಿರದಲ್ಲಿ ಬಂಧಿತರಾದರು; ಹೆಂಗಸರನ್ನೂ ಮಕ್ಕಳನ್ನೂ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಯುರೋಪಿಗೆ ಸಾಗಿಸಲಾಯಿತು. ಈ ಸಲ ಮಕ್ಕಳೊಡನೆ ತಾಯಂದಿರೂ ಹೋದರು, ತಂದೆಯರು ಇಲ್ಲಿ ಉಳಿದರು.