ಹೊಸಪೇಟೆ–ಕೊಟ್ಟೂರು ರೈಲುದಾರಿ

ಹೊಸಪೇಟೆಯ ಸೀಮೆಗೆ ರೈಲನ್ನು ಕರೆತಂದುದು ಹಸಿವೆಂದರೆ ತಪ್ಪಾಗಲಾರದು. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿಯವರೆಗೆ ರೈಲು ಇದ್ದೇ ಇತ್ತು. ಆದರೆ ಅದರಾಚೆಗೆ ಧಾನ್ಯವನ್ನು ಒಯ್ಯಬೇಕಾದ ಎತ್ತುಗಳೇ ಮೇವುನೀರಿಲ್ಲದೆ ಸತ್ತುಬಿದ್ದುವು. ಹಳ್ಳಿಗರು ಉಪವಾಸದಿಂದ ಅಳಿದರು. ಆ ದುರಂತದ ಪಾಠದಿಂದ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯು 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆಯ ಮೇಲೆ ಗದಗಕ್ಕೆ ಮೀಟರ್ ಗೇಜ್ ದಾರಿಯನ್ನು ಹಾಸಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಸುಮಾರು 43 ಮೈಲಿಯ ಕವಲು ತೆರೆಯಿತು.

ಈ ಕವಲಿನ ಬಾಳು ಹಳ್ಳಿಗಳ ಬಾಳೇ ಆಗಿದ್ದಿತು. ಕೊಟ್ಟೂರೇಶ್ವರನ ತೇರಿಗೆ ಮೇಲಕ್ಕೆ ಹೋಗುವವರೂ ಹಂಪೆಯ ವಿರೂಪಾಕ್ಷನ ಜಾತ್ರೆಗೆ ಕೆಳಕ್ಕೆ ಬರುವವರೂ ಇದೇ ಗಾಡಿಯನ್ನು ಹತ್ತಿದರು. ಸ್ವಂತ ನಿಲ್ದಾಣವಿಲ್ಲದ ಕಂಪ್ಲಿಯವರಿಗಾದರೋ ರೈಲನ್ನು ಸೇರಲು ಎತ್ತಿನ ಬಂಡಿಯೇ ಗತಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ಹಿಡಿದಾಗ ನಾರಾಯಣದೇವರಕೆರೆ ಮುಳುಗಿತು. ಅಲ್ಲಿಯವರಲ್ಲಿ ಅನೇಕರು ಇದೇ ದಾರಿಯ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು.

1990ರ ದಶಕದಲ್ಲಿ ದಾರಿಯು ಬ್ರಾಡ್ ಗೇಜಿಗೆ ತಿರುಗಿತು. ಹೊಸಪೇಟೆಯ ತುದಿಯಲ್ಲಿ ಸಂಡೂರಿನ ಅದಿರು ಸಾಗಿತು. ಜನರ ಗಾಡಿಯು ಮಾತ್ರ ನಿಂತುಹೋಯಿತು. ಹಳ್ಳಿಗರು ಬಸ್ಸನ್ನು ನೆಚ್ಚಿದರು. ಅವರ ಗಾಡಿ ಮರಳಿದುದು 2019ರಲ್ಲಿ, ಹರಿಹರದವರೆಗೆ ಬೆಳೆದ ದಾರಿಯ ಮೇಲೆ.

ಮನುಷ್ಯರ ಪ್ರಾಣವುಳಿಸಲೆಂದು ಈ ಸೀಮೆಗೆ ಬಂದ ಕಂಬಿಗಳು ಕಾಲು ಶತಮಾನ ಕಲ್ಲನ್ನು ಹೊತ್ತು ಮನುಷ್ಯರನ್ನು ಬಿಟ್ಟುವು. ಅದಿರಿನ ಲೆಕ್ಕವು ದಫ್ತರಗಳಲ್ಲಿ ಸಿಕ್ಕೀತು. ಈ ವರ್ಷಗಳಲ್ಲಿ ತಪ್ಪಿದ ಪಯಣಗಳ ಲೆಕ್ಕವನ್ನು ನಮ್ಮ ಮನೆಗಳ ಹಿರಿಯರೇ ಹೇಳಬೇಕು.